ಸ್ವಂತ ವಾಕ್ಯದಲ್ಲಿ ಬಳಸಿರಿ

ಕಾಗದ ಒಟ್ಟು ಮೂರು ಹಾಳೆ, ಎಲ್ಲ ಇಂಗ್ಲಿಷು. ಮೂರನೇ ಹಾಳೆಯ ಬುಡದಲ್ಲಿ ಮಾತ್ರ ಒಂದು ಸಾಲು ಕನ್ನಡದಲ್ಲಿತ್ತು: 'ಮೇಲಿನದನ್ನು ನನಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ಅರ್ಥ ಮಾಡಿಕೊಂಡು, ಒಪ್ಪಿ ಸಹಿ ಮಾಡಿರುತ್ತೇನೆ.' ಓದುವ ಮೊದಲೇ ಓದಿಯಾಗಿತ್ತು, ಒಪ್ಪುವ ಮೊದಲೇ ಒಪ್ಪಿಯಾಗಿತ್ತು. ಇನ್ನು ಬೇಕಾದದ್ದು ಕಾವೇರಿಯ ಸಹಿ. ಅದಕ್ಕೂ ಮುಂಚೆ ದುರ್ಗೇಶನ ಬಾಯಿ.

ದುರ್ಗೇಶನ ಬಾಯಿಗೇನೂ ಬರವಿರಲಿಲ್ಲ. ಅವನ ಗಂಟಲಲ್ಲಿ ಇಡೀ ಆಫೀಸೇ ಬಾಡಿಗೆಗಿತ್ತು. ಬಳ್ಳಾರಿ ಗಾಂಧಿನಗರದ ಆ ರೈಸ್ ಮಿಲ್ ಹೆಡ್ಡಾಫೀಸಿನಲ್ಲಿ ಯಾರೇ ರಜೆ ಹಾಕಲಿ, ಅವರ ದನಿ ಮಾತ್ರ ಡ್ಯೂಟಿಗೆ ಹಾಜರಿರುತ್ತಿತ್ತು. ಸಾಹುಕಾರರು ಮೂರು ಸಲ ಕೆಮ್ಮಿ ಒಂದು ಸಲ ಮಾತಾಡುವುದು, ಲೆಕ್ಕದ ವಿಭಾಗದ ದುರ್ಗಾದೇವಿ ಮೇಡಂ ಫೋನಿಟ್ಟ ಮೇಲೂ "ಹ್ಞಾಂ, ಹ್ಞಾಂ" ಅನ್ನುವುದು, ಎಲ್ಲ ಅವನಲ್ಲಿ ಸಿಗುತ್ತಿತ್ತು. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಕಂಪನಿಯ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ. "ಎಂ.ಎ. ಲಿಟರೇಚರ್ ಓದಿ ಲೀಟರ್‌ಗಟ್ಟಲೆ ಲೆಟರ್ ಬರಿಯಾಕತ್ತೀನಿ" ಎಂದು ತನ್ನನ್ನೇ ಮೊದಲು ಗೇಲಿ ಮಾಡಿಕೊಳ್ಳುತ್ತಿದ್ದ. ಉಳಿದವರನ್ನು ಗೇಲಿ ಮಾಡಲು ಅದೇ ಪರವಾನಗಿ.

ಆದರೆ ಊಟದ ಹೊತ್ತಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಐಟಂ. ಖರೀದಿ ಮ್ಯಾನೇಜರ್ ಚಿದಾನಂದಪ್ಪ. ಐವತ್ತೈದರ ವಯಸ್ಸು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೆರಳಲ್ಲಿ ತಿರುಗುವ ಕಾರಿನ ಕೀಲಿ. ಸಿರುಗುಪ್ಪದ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾ ರೂಮಿಗೆ ಅವನು ಹೋಗುವ ಚಂದವನ್ನು ಅಲ್ಲಿನ ಡ್ರೈವರುಗಳು ಬಂದು ಹೇಳಿದ್ದರು. ದುರ್ಗೇಶ್ ಅದಕ್ಕೆ ದನಿ ಹಾಕಿದ್ದ. ಅರ್ಧ ತೆಲುಗಿನ ಎಳೆತ, ಅರ್ಧ ಜೇನು: "ಏನವ್ವಾ ಬಂಗಾರಂ, ತೂಕ ಎಷ್ಟು ಬಂತು? ಲಾರೀದಲ್ಲವ್ವಾ... ನಿಂದು!" ಕ್ಯಾಂಟೀನು ಟೇಬಲ್ ಬಡಿದು ನಗುತ್ತಿತ್ತು. ದುರ್ಗಾದೇವಿ ಮೇಡಂ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಸಾಕ್ ಬಿಡಪಾ, ಪಾಪ ಬರ್ತದ" ಅನ್ನುತ್ತಿದ್ದರು.

ಆರು ವಾರದ ಹಿಂದೆ ಆ ಕಾಟಾ ರೂಮಿನ ಕಂಪ್ಯೂಟರ್ ಆಪರೇಟರ್ ಕಾವೇರಿ, ದೇಶನೂರಿನ ಇಪ್ಪತ್ತಮೂರು ವರ್ಷದ ಹುಡುಗಿ, ಕನ್ನಡದಲ್ಲಿ ಒಂದು ಪುಟದ ದೂರು ಕೊಟ್ಟಳು. ಹೆಣ್ಣುಮಕ್ಕಳ ದೂರು ವಿಚಾರಿಸುವ ಸಮಿತಿ ಕಂಪನಿಯಲ್ಲಿ ಇತ್ತು. ನಾಲ್ಕು ಜನ; ಇಬ್ಬರು ಹೆಸರಿಗೆ, ಇಬ್ಬರು ಕುರ್ಚಿಗೆ. ಕುರ್ಚಿಯವರು ಅಧ್ಯಕ್ಷೆ ದುರ್ಗಾದೇವಿ ಮತ್ತು ಹೊರಗಿನ ಸದಸ್ಯರೆಂದು ಕರೆಸಿದ್ದ ನಿವೃತ್ತ ಇಂಗ್ಲಿಷ್ ಪ್ರೊಫೆಸರ್ ಎರ್ರೆಪ್ಪ. ವಿಚಾರಣೆ ಮುಗಿಯುವವರೆಗೆ ಚಿದಾನಂದಪ್ಪ ಸಿರುಗುಪ್ಪಕ್ಕೆ ಹೋಗಬಾರದೆಂದು ಹೇಳಿದ್ದರು. ಈಗ ಎರ್ರೆಪ್ಪನವರು ಬರೆದ ಈ ಮೂರು ಹಾಳೆ ರಾಜಿ ಪತ್ರ. ಕಾವೇರಿ ಸಹಿ ಹಾಕಿದರೆ ವಿಚಾರಣೆ ಮುಗಿದಂತೆ. ಸೋಮವಾರ ಬೆಳಗ್ಗೆ ಬಿಳಿ ಅಂಗಿ ಮತ್ತೆ ಕಾಟಾ ರೂಮಿನ ಬಾಗಿಲಲ್ಲಿ.

ಗುರುವಾರ ಹನ್ನೊಂದು ಗಂಟೆಗೆ ದುರ್ಗಾದೇವಿ ಅವನನ್ನು ಮೀಟಿಂಗ್ ರೂಮಿಗೆ ಕರೆದು ಕಾಗದ ಕೊಟ್ಟರು. "ಒಂದ್ಸಲ ಕಣ್ಣಾಡ್ಸು. ಆ ಹುಡುಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟ. ನೀನು ಓದಿ ಹೇಳ್ಬೇಕು."

ನಾಲ್ಕನೇ ಪ್ಯಾರಾದ ತನಕ ದಿನಾಂಕ, ಹೆಸರು, ಹಾಜರಿ. ಐದನೆಯದರಲ್ಲಿ ಅವನ ಕಣ್ಣು ನಿಂತಿತು. ಸದರಿ ಚಿದಾನಂದಪ್ಪ 'ಎ ಬಿಟ್ ಆಫ್ ಎ ಫಿಲ್ಯಾಂಡರರ್, ಆಫ್ ದಿ ಓಲ್ಡ್ ಸ್ಕೂಲ್' ಎಂದೂ, ದುರುದ್ದೇಶ ಕಾಣುವುದಿಲ್ಲವೆಂದೂ ಬರೆದಿತ್ತು. ಆರನೆಯದನ್ನು ಎರಡು ಸಲ ಓದಿದ. ಇವರ ನಡೆಯನ್ನು ಸಿಬ್ಬಂದಿಯೆಲ್ಲ ವಿನೋದವಾಗಿಯೇ ಕಂಡಿದ್ದಾರೆ; ಕ್ಯಾಂಟೀನಿನಲ್ಲಿ ಇವರ ಮಾತಿನ ಅನುಕರಣೆ ನಡೆಯುತ್ತಿದ್ದು, ಮಹಿಳಾ ಸಿಬ್ಬಂದಿಯೂ ನಕ್ಕಿರುತ್ತಾರೆ; ಆದಕಾರಣ ಇದು ಕಿರುಕುಳವೆನಿಸದು.

ಅನುಕರಣೆ ಮಾಡಿದವನ ಹೆಸರು ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಆರೋಪಿಯ ಪರವಾದ ಸಾಕ್ಷಿ ತಾನೇ ಎಂಬುದು ತಿಳಿದಾಗ ದುರ್ಗೇಶನ ಕಿವಿ ಬಿಸಿಯಾದವು.

"ಸರ್, ಈ ಪದ..." ಎಂದ.

ಪಕ್ಕದಲ್ಲಿ ಕೂತಿದ್ದ ಎರ್ರೆಪ್ಪನವರು ಕನ್ನಡಕ ಹಣೆಗೇರಿಸಿದರು. ಕಾಲೇಜಿನಲ್ಲಿ ದುರ್ಗೇಶನಿಗೆ ಪಾಠ ಹೇಳಿದವರು ಅವರೇ. ಒಂದು ಪದಕ್ಕಾಗಿ ಒಂದು ಪೀರಿಯಡ್ ಕಳೆಯುತ್ತಿದ್ದ ಮನುಷ್ಯ. "ಫಿಲ್ಯಾಂಡರರ್! ಎಂಥಾ ಪದ ನೋಡಪಾ. ಕೋಟು ಹಾಕ್ಕೊಂಡು ಬರತೈತಿ. ಈಗಿನವರು ಮರತಬಿಟ್ಟಾರ. ಬೈದಂಗೂ ಆಗಬೇಕು, ಬೈಸಿಕೊಂಡಾವ ಮೀಸಿ ತಿರುವಂಗೂ ಇರಬೇಕು. ಅದು ಇಂಗ್ಲಿಷಿನ ಹದ."

"ಕನ್ನಡದಾಗ ಏನ್ ಹೇಳ್ಲಿ ಸರ್?"

ಉತ್ತರ ದುರ್ಗಾದೇವಿಯವರಿಂದ ಬಂತು. "ರಸಿಕ ಅನ್ನು. 'ಸ್ವಲ್ಪ ರಸಿಕರು, ಹಳೇ ಕಾಲದವರು.' ಮುಗೀತು."

ವಿಟ, ಲಂಪಟ, ಹೆಣ್ಣುಬಾಕ ಎಂದು ದುರ್ಗೇಶನ ತಲೆಯಲ್ಲಿ ಒಂದು ಸಾಲು ಹಾದುಹೋಯಿತು. ಕನ್ನಡದವು ಎಲ್ಲವೂ ಕಾಲಿಗೆ ಕೆಸರು ಮೆತ್ತಿಕೊಂಡೇ ಒಳಗೆ ಬರುವ ಪದಗಳು. ಚಪ್ಪಲಿ ಹೊರಗೆ ಬಿಟ್ಟು ಬರುವುದು 'ರಸಿಕ' ಒಂದೇ. ಅವನು ತಲೆಯಾಡಿಸಿದ. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಕಾವೇರಿಯನ್ನು ಕರೆಯಲು ಬಾಗಿಲು ತೆರೆದಾಗ ಹೊರಗಿನ ಬೆಂಚಿನ ನೋಟ ಕಂಡಿತು. ಕಾವೇರಿ ಒಂದು ತುದಿಯಲ್ಲಿ ಗೋಡೆ ನೋಡುತ್ತ ಕೂತಿದ್ದಳು. ಅವಳ ತಾಯಿ ಸಾವಂತ್ರಮ್ಮ ನಡುವೆ. ಇನ್ನೊಂದು ತುದಿಯಲ್ಲಿ, ಎಂದೂ ಬೆಂಚಿನ ಮೇಲೆ ಕೂರದ ಚಿದಾನಂದಪ್ಪ, ಕೀಲಿ ತಿರುಗಿಸುತ್ತ. ತಾನೇ ಚಹಾ ತರಿಸಿ ಸಾವಂತ್ರಮ್ಮನ ಕೈಗೆ ಕಪ್ಪು ಕೊಡುತ್ತಿದ್ದ.

"ಕುಡಿ ಅಕ್ಕಾ. ನಿನ್ನ ಮಗಳಂದ್ರ ನನ್ನ ಮಗಳಿದ್ದಂಗ. ಏನೋ ಒಂದು ಮಾತು ಹೆಚ್ಚು ಕಮ್ಮಿ ಆಗಿರತೈತಿ. ನಗಿಚಾಟಿಗಿ ಅಂದದ್ದು."

"ದೊಡ್ಡ ಮನ್ಷ್ಯಾರು ನೀವು, ಇಷ್ಟು ಸಮಾಧಾನದಾಗ ಮಾತಾಡ್ತೀರಿ," ಎಂದಳು ಸಾವಂತ್ರಮ್ಮ. ಮಗಳು ಅವಳಿಗೂ ಪೂರಾ ಹೇಳಿಲ್ಲವೆಂಬುದು ಆ ಮಾತಿನಲ್ಲೇ ಗೊತ್ತಾಗುತ್ತಿತ್ತು. "ಕಾವೇರಿ, ಸುಮ್ನ ಸಹಿ ಮಾಡಿ ಬಾರವ್ವಾ. ಎರಡರ ಬಸ್ಸಿಗೆ ಹೋಗಾಕ ಬರತೈತಿ."

ಚಿದಾನಂದಪ್ಪ ದುರ್ಗೇಶನಿಗೆ ಕಣ್ಣು ಹೊಡೆದ. "ಏನಲೇ ದುರ್ಗ್ಯಾ, ನನ್ನ ದನಿ ಹೆಂಗದ? ಚಲೋ ನೋಡ್ಕೊಂಡೀಯಿಲ್ಲೋ?"

ದುರ್ಗೇಶ್ ನಕ್ಕ. ನಕ್ಕ ಮೇಲೆ, ಕಾವೇರಿ ತನ್ನನ್ನು ನೋಡುತ್ತಿರುವುದು ಕಂಡಿತು.

ಒಳಗೆ ಓದು ಶುರುವಾಯಿತು. ಮೊದಲ ನಾಲ್ಕು ಪ್ಯಾರಾಗಳನ್ನು ಅವನು ನೀರಿನಂತೆ ಹೇಳಿದ. ಕಾವೇರಿ ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಒಂದೊಂದಕ್ಕೂ "ಹ್ಞೂಂ" ಅನ್ನುತ್ತಿದ್ದಳು. ಫ್ಯಾನು ಕಾಗದದ ಮೂಲೆಯನ್ನು ಎತ್ತಿ ಎತ್ತಿ ಬಿಡುತ್ತಿತ್ತು. ದುರ್ಗಾದೇವಿ ಅದರ ಮೇಲೆ ತಮ್ಮ ಕನ್ನಡಕದ ಡಬ್ಬಿ ಇಟ್ಟರು.

"ಐದು. ಚಿದಾನಂದಪ್ಪನವರು... ಸ್ವಲ್ಪ ರಸಿಕರು. ಹಳೇ ಕಾಲದವರು."

ಈ ಸಲ "ಹ್ಞೂಂ" ಬರಲಿಲ್ಲ.

"ಅಲ್ಲಿ ಇಂಗ್ಲಿಷಿನ್ಯಾಗ ಏನಂತ ಐತ್ರಿ?"

"ಫಿಲ್ಯಾಂಡರರ್ ಅಂತ."

"ಅದೇನು ಡಿಗ್ರೀನಾ? ಪಿ.ಎಚ್.ಡಿ. ಇದ್ದಂಗ ಐತಲ್ರಿ."

ಎರ್ರೆಪ್ಪನವರು ಮುಗುಳ್ನಕ್ಕರು. ದುರ್ಗೇಶ್ ನಗಲಿಲ್ಲ. ಕಾವೇರಿ ತಮಾಷೆಗೆ ಕೇಳಿದ್ದಲ್ಲ ಎಂಬುದು ಅವಳ ಬ್ಯಾಗಿನ ಹಿಡಿಕೆಯನ್ನು ಬಿಗಿಹಿಡಿದ ಬೆರಳುಗಳಿಂದ ತಿಳಿಯುತ್ತಿತ್ತು.

"ಅರ್ಥ ಹೇಳಿದೆನಲ್ಲಮ್ಮಾ," ಎಂದ.

"ಅರ್ಥ ಹೇಳಿದ್ರಿ. ಸಾಲ್ಯಾಗ ನಮ್ಮ ಮೇಷ್ಟ್ರು ಅರ್ಥಕ್ಕ ಒಂದ ಮಾರ್ಕ್ಸ್ ಕೊಡ್ತಿದ್ರು. ಸ್ವಂತ ವಾಕ್ಯದಾಗ ಬಳಸಿದ್ರ ಎರಡು." ಅವಳು ಕಾಗದದ ಕಡೆ ಗದ್ದ ಚಾಚಿದಳು. "ಅದನ್ನ ಇಂಗ್ಲಿಷ್ನೋರು ಹೆಂಗ ಬಳಸ್ತಾರ, ಒಂದು ವಾಕ್ಯ ಮಾಡ್ರಿ. ಆಮ್ಯಾಲ ಸಹಿ ಮಾಡ್ತೀನಿ."

ದುರ್ಗಾದೇವಿ ಗಡಿಯಾರ ನೋಡಿದರು. "ಮಾಡಪಾ ಲಗೂನ. ನಿನಗೇನು ಹೊಸದಾ?"

ಬಾಯಿಗೆ ಬಂದದ್ದನ್ನು ತಡೆಯುವುದು ದುರ್ಗೇಶನಿಗೆ ಎಂದೂ ಬರುತ್ತಿರಲಿಲ್ಲ. ಎರಡೂ ಹೆಬ್ಬೆರಳನ್ನು ಅಂಗಿಯ ಕಂಕುಳಿಗೆ ಸಿಕ್ಕಿಸಿ, ಹೊಟ್ಟೆ ಮುಂದೆ ಬಿಟ್ಟು, ಮೂಗಿನಿಂದ ಅರ್ಧ ನಗುವನ್ನು ಹೊರಗೆ ಬಿಟ್ಟ. "ಆಹ್, ಓಲ್ಡ್ ಚಿದಾನಂದ್! ಬಿಟ್ ಆಫ್ ಎ ಫಿಲ್ಯಾಂಡರರ್, ಯು ನೋ... ಹಹ್ಹಾ!" ಕೊನೆಯಲ್ಲಿ ಪಕ್ಕದಲ್ಲಿಲ್ಲದ ಗೆಳೆಯನ ಹೆಗಲಿಗೆ ಒಂದು ಮೆದು ಹೊಡೆತ. ಥೇಟ್ ಎರ್ರೆಪ್ಪ. ಪ್ರೊಫೆಸರರ ಮುಗುಳ್ನಗೆ ಅಲ್ಲೇ ಒಣಗಿತು.

"ಹಂಗ," ಎಂದಳು ಕಾವೇರಿ. "ನಕ್ಕೊಂತ. ಹೆಗಲ ಮ್ಯಾಲ ಹೊಡಕೊಂತ." ಆಮೇಲೆ ನೇರವಾಗಿ ಎರ್ರೆಪ್ಪನವರ ಕಡೆ ತಿರುಗಿದಳು. "ಸರ್, ನೀವು ದೊಡ್ಡೋರು, ಬರದೋರೂ ನೀವ. ಈ ಪದಾನ ಯಾರು ಯಾರ ಮುಂದ ಅಂತಾರ?"

ಎರ್ರೆಪ್ಪನವರು ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. ಸುಳ್ಳು ಸಾಕ್ಷಿ ಹೇಳಬಲ್ಲರೋ ಏನೋ, ಪದದ ವಿಷಯದಲ್ಲಿ ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

"ಹೆಚ್ಚಾಗಿ... ಗಂಡಸರು, ಗಂಡಸರ ಮುಂದ."

"ಅವನ ಕೈಯಾಗ ಸಿಕ್ಕಾಕಿ?"

"ಆಕಿ ಈ ಪದ ಅನ್ನೋದು ಕಮ್ಮಿ."

"ಆಕಿ 'ಒಲ್ಲೆ' ಅಂದ್ರ ಈ ಫಿಲ್ಯಾಂಡರರ್ ಏನ್ ಮಾಡ್ತಾನ್ರಿ?"

"ಏನ್ ಮಾಡ್ತಾನ..." ಅವರು ಕಿಟಕಿಯ ಕಡೆ ನೋಡಿದರು. "ಟೋಪಿ ಎತ್ತಿ ನಮಸ್ಕಾರ ಹೇಳಿ ಮುಂದಿನ ಮನಿಗೆ ಹೋಗ್ತಾನ. ಆ ಪದದಾಗ ಹೆಣ್ಮಗಳಿಗೆ ಎದ್ದು ಹೋಗಾಕ ದಾರಿ ಇರತೈತಿ. ಇರಲೇಬೇಕು. ಇಲ್ಲಾಂದ್ರ ಅದು ಆ ಪದ ಅಲ್ಲ."

ಕಾವೇರಿಯ ಮುಖದಲ್ಲಿ ಏನೋ ಗಟ್ಟಿಯಾಯಿತು.

"ಹಂಗಾರ ಕೇಳ್ರಿ. ಲಾರಿ ಕಾಟಾದ ಪ್ಲೇಟ್ ಮ್ಯಾಲ ಹತ್ತಿದ ಮ್ಯಾಲ ಆಪರೇಟರ್ ಏಳಂಗಿಲ್ಲ. ತೂಕ ನಿಲ್ಲೋತನಕ ಕಣ್ಣು ಸ್ಕ್ರೀನ್ ಮ್ಯಾಲ, ಕೈ ಮೌಸ್ ಮ್ಯಾಲ. ಚೀಟಿ ಬರೋತನಕ ಕುರ್ಚಿ ಬಿಟ್ರ ಹತ್ತು ಲಾರಿ ನಿಲ್ತಾವ, ಮೆಮೋ ಬರತೈತಿ. ಮೆಮೋ ಕೊಡೋರೂ ಅವರ. ಖಾಲಿ ಹೊತ್ತಿನ್ಯಾಗ ಒಂದು ದಿನಾನೂ ಬಂದಿಲ್ರಿ ಅವರು. ಲಾರಿ ಪ್ಲೇಟ್ ಮ್ಯಾಲಿದ್ದಾಗಷ್ಟ ಬರ್ತಾರ."

ಡ್ರೈವರುಗಳು ಹೇಳಿದ್ದು ಬಾಗಿಲ ತನಕದ ಕತೆ. ದುರ್ಗೇಶ್ ದನಿ ಹಾಕಿದ್ದೂ ಬಾಗಿಲ ತನಕವೇ.

"ಇದು ದೂರಿನಾಗ ಇಲ್ಲಲ್ಲವ್ವಾ," ಎಂದರು ದುರ್ಗಾದೇವಿ.

"ಐತ್ರಿ. 'ತೂಕ ಮಾಡುವಾಗ ಬರುತ್ತಾರೆ' ಅಂತ ಬರದೀನಿ. ಕಾಟಾ ರೂಮಿನ್ಯಾಗ ಕುಂತೋರಿಗೆ ಅಷ್ಟ ಸಾಕು. ನಿಮಗ ಸಾಲ್ದು ಅಂತ ಈಗ ಗೊತ್ತಾತು." ಅವಳು ದುರ್ಗೇಶನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಅಣ್ಣಾ, ಕ್ಯಾಂಟೀನಿನ್ಯಾಗ ನೀವು ಅವರಂಗ ಮಾತಾಡ್ತೀರಂತಲ್ಲ. ಯಾರೋ ಮೊಬೈಲಿನ್ಯಾಗ ಹಿಡದ ವಿಡಿಯೋ ನಮ್ಮ ಮಿಲ್ಲಿಗೂ ಬಂದೈತಿ. ನಾನೂ ನೋಡೀನಿ. ಇಲ್ಲಿ ಮಾಡ್ರಿ."

"ಅದು... ಸುಮ್ನ ತಮಾಷಿಗೆ..."

"ತಮಾಷಿ ಅಂತನ ಕಾಗದದಾಗ ಬರದಾರೇನು?"

ಆರನೇ ಪ್ಯಾರಾ ಅವನು ಅವಳಿಗೆ ಇನ್ನೂ ಓದಿ ಹೇಳಿರಲಿಲ್ಲ. ಅವಳು ಊಹಿಸಿಬಿಟ್ಟಿದ್ದಳು. ದುರ್ಗೇಶ್ ದುರ್ಗಾದೇವಿಯವರ ಮುಖ ನೋಡಿದ. ಅವರು ಕನ್ನಡಕದ ಡಬ್ಬಿ ನೋಡುತ್ತಿದ್ದರು. 'ಇಲ್ಲ' ಅಂದರೆ ಓದು ಮುಗಿದು, ಸಹಿ ಬಿದ್ದು, ಎರಡರ ಬಸ್ಸು ಸಿಗುತ್ತಿತ್ತು. ಅವನ ಕೆಲಸವೂ ಕಾಯಂ ಆಗುತ್ತಿತ್ತೇನೋ.

"ಯಾರ ಮುಂದ ಮಾಡ್ಲಿ?" ಎಂದ.

"ಮೇಡಂ ಮುಂದಲ್ರಿ. ಹಿಂದ." ಕಾವೇರಿ ಎದ್ದು, ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಮೌಸನ್ನು ದುರ್ಗಾದೇವಿಯವರ ಬಲಗೈ ಹತ್ತಿರ ಸರಿಸಿದಳು. "ಮೇಡಂ, ಕೈ ಇದರ ಮ್ಯಾಲ. ಕಣ್ಣು ಅಲ್ಲಿ. ಲಾರಿ ಹತ್ತೈತಿ, ಇನ್ನೂ ತೂಕ ನಿಂತಿಲ್ಲ."

ದುರ್ಗಾದೇವಿ ಬೈಯುತ್ತಾರೆಂದು ಅವನು ಕಾದ. ಅವರು ಒಂದು ಕ್ಷಣ ಆ ಮೌಸನ್ನು ನೋಡಿ, ಅದರ ಮೇಲೆ ಕೈ ಇಟ್ಟರು.

ದುರ್ಗೇಶ್ ಹೋಗಿ ಕುರ್ಚಿಯ ಹಿಂದೆ ನಿಂತ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮುಟ್ಟಲಾರ; ಮುಟ್ಟುವ ಮಾತಿರಲಿಲ್ಲ. ಬಗ್ಗಿದ. ಅವರ ನೆತ್ತಿಯ ಎಣ್ಣೆಯಿಲ್ಲದ ಒಣ ಕೂದಲು, ಬಿಳಿಯಾಗುತ್ತಿರುವ ಬೈತಲೆ ಕಂಡಿತು. ಕ್ಯಾಂಟೀನಿನಲ್ಲಿ ಎದುರು ನಲವತ್ತು ಮುಖಗಳಿರುತ್ತಿದ್ದವು. ಇಲ್ಲಿ ಮುಖವೇ ಇರಲಿಲ್ಲ, ಒಂದು ಕುತ್ತಿಗೆ ಮಾತ್ರ.

"ಏನವ್ವಾ ಬಂಗಾರಂ," ಎಂದ. ದನಿ ತಾನಾಗಿ ಬಂತು, ಜೇನಿನ ಸಮೇತ. "ತೂಕ ಎಷ್ಟು ಬಂತು?"

ದುರ್ಗಾದೇವಿಯವರ ಹೆಗಲು ಕಿವಿಯ ತನಕ ಏರಿತು.

"ಇನ್ನೂ ಹತ್ರ ರಿ," ಎಂದಳು ಕಾವೇರಿ. "ಕಿವೀಗೆ ಉಸಿರು ತಾಕಬೇಕು. ಅವಸರ ಮಾಡಂಗಿಲ್ಲ ಅವರು."

"ಲಾರೀದಲ್ಲವ್ವಾ..."

ದುರ್ಗಾದೇವಿ ತಟ್ಟನೆ ಏಳಲು ಹೋದರು. ಕುರ್ಚಿ ಕಿರುಗುಟ್ಟಿತು.

"ಏಳಂಗಿಲ್ರಿ ಮೇಡಂ. ಲಾರಿ ಐತಿ."

ಅವರು ಕೂತರು. ಯಾಕೆ ಕೂತರೋ ಅವರಿಗೇ ಗೊತ್ತಿರಲಿಲ್ಲವೇನೋ. ಮೌಸಿನ ಮೇಲಿನ ಕೈ ಅಲ್ಲೇ ಇತ್ತು, ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಕೊನೆಯ ಎರಡಕ್ಷರ ದುರ್ಗೇಶನ ನಾಲಿಗೆಯ ತುದಿಯಲ್ಲಿ ತಯಾರಾಗಿ ನಿಂತಿದ್ದವು. ಕ್ಯಾಂಟೀನು ಕಾಯುತ್ತಿದ್ದ 'ನಿಂದು' ಅದು; ಟೇಬಲ್ ಬಡಿಯುವ ಜಾಗ. ನೂರು ಸಲ ಹೇಳಿದ್ದ ಆ ಮಾತು ಈಗ ಹೊರಗೆ ಬರಲೊಲ್ಲದು. ಎರ್ರೆಪ್ಪನವರು ತಲೆ ತಗ್ಗಿಸಿ ಮೇಜಿನ ಅಂಚನ್ನು ಹಿಡಿದಿದ್ದರು.

"ಇಲ್ಲಿಗೆ ನಿಮ್ಮ ವಿಡಿಯೋ ಮುಗೀತೈತಿ," ಎಂದಳು ಕಾವೇರಿ. "ಇಲ್ಲಿಂದ ಅವರ ಕೈ ನನ್ನ ಕೈ ಮ್ಯಾಲ ಬರತೈತಿ. ಇನ್ನೊಂದು ಕೈ ಹೆಗಲ ಮ್ಯಾಲಿಂದ ಕೆಳಗ. ಗಾಜಿನ ಆಚಿ ಡ್ರೈವರ್ ನೋಡ್ತಿರ್ತಾನ, ನಗ್ತಿರ್ತಾನ. ಒಂದು ಲಾರಿಗೆ ನಾಲ್ಕು ನಿಮಿಷ. ಸುಗ್ಗಿಯಾಗ ದಿನಕ್ಕ ಅರವತ್ತು ಲಾರಿ ರಿ."

ಹೊರಗಿನಿಂದ ಕೀಲಿ ತಿರುಗುವ ಸದ್ದು ಕೇಳುತ್ತಿತ್ತು, ಚಿದಾನಂದಪ್ಪನ ಯಾವುದೋ ಮಾತಿಗೆ ಸಾವಂತ್ರಮ್ಮ ಸಣ್ಣಗೆ "ಹೌದ್ರೀ" ಅಂದದ್ದೂ.

ದುರ್ಗಾದೇವಿಯವರ ದನಿ ಬಂತು. ಅದು ದುರ್ಗೇಶನ ಸಂಗ್ರಹದಲ್ಲಿ ಇಲ್ಲದ ದನಿ.

"ಲಾರಿ ಇಳೀತೇನವ್ವಾ?"

"ಇಳೀತ್ರೀ, ಮೇಡಂ."

ಅವರು ಎದ್ದರು. ಮೊದಲು ಕುತ್ತಿಗೆಯನ್ನು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಮೂರು ಹಾಳೆಗಳನ್ನು ಎತ್ತಿ ಎರ್ರೆಪ್ಪನವರ ಮುಂದೆ ಇಟ್ಟರು. ಪ್ರೊಫೆಸರು ಐದನೇ ಪ್ಯಾರಾ ಹುಡುಕಿ, ಕೋಟು ಹಾಕಿಕೊಂಡು ಬಂದಿದ್ದ ಆ ಪದದ ಮೇಲೆ ಪೆನ್ನಿಟ್ಟರು. ಒಂದು ಗೆರೆ ಎಳೆದರು, ಸಾಲದೆಂದು ಇನ್ನೊಂದು. "ತಪ್ಪು ಪದ," ಎಂದರು, ಹುಡುಗರ ಉತ್ತರ ಪತ್ರಿಕೆ ತಿದ್ದುವಾಗಿನ ದನಿಯಲ್ಲಿ. "ಬರದಾವಂದ ತಪ್ಪು."

"ಒಂದು ಪದ ಹೊಡದ್ರ ಆಗಂಗಿಲ್ಲ ಸರ್," ಎಂದರು ದುರ್ಗಾದೇವಿ. "ಕಾಗದಾನ ಬ್ಯಾಡ. ದುರ್ಗೇಶ್, ಹೊಸ ಹಾಳಿ ತೊಗೋ. ಕನ್ನಡದಾಗ ಬರಿ. ಆಕಿ ಹೇಳಿದಂಗ, ಒಂದಕ್ಷರ ಬಿಡದಂಗ. ವಿಚಾರಣೆ ಮುಂದುವರಿತೈತಿ ಅಂತ ಇನ್ನೊಂದು ಆರ್ಡರ್. ಮುಗಿಯೋತನಕ ಅವರು ಸಿರುಗುಪ್ಪಕ್ಕ ಕಾಲಿಡಂಗಿಲ್ಲ." ಸ್ವಲ್ಪ ತಡೆದು, ಯಾರನ್ನೂ ನೋಡದೆ, "ಸಾಹುಕಾರ್ರಿಗೆ ನಾ ಹೇಳ್ತೀನಿ," ಎಂದರು.

ಬರೆದದ್ದನ್ನು ದುರ್ಗೇಶ್ ಓದಿ ಹೇಳಲು ಹೋದಾಗ ಕಾವೇರಿ ಕೈ ಚಾಚಿದಳು. "ಕೊಡ್ರಿ, ಕನ್ನಡ ನನಗ ಬರತೈತಿ." ಬೆರಳಿಟ್ಟು ಎರಡು ಸಲ ಓದಿದಳು. ಒಂದು ಕಡೆ 'ತಾಗಿದರು' ಎಂದಿದ್ದನ್ನು ಹೊಡೆದು 'ಹಿಡಿದರು' ಎಂದು ತಿದ್ದಿ, ಸಹಿ ಮಾಡಿದಳು. ಸಾಕ್ಷಿಯ ಜಾಗ ಖಾಲಿ ಇತ್ತು. ಹಾಳೆಯನ್ನು ಅವಳು ದುರ್ಗೇಶನ ಕಡೆ ಸರಿಸಲಿಲ್ಲ, ಕೇಳಲೂ ಇಲ್ಲ. ದುರ್ಗೇಶನೇ ಎಳೆದುಕೊಂಡು ತನ್ನ ಹೆಸರು ಬರೆದ.

ಆರ್ಡರ್ ಹಿಡಿದು ಅವನು ಹೊರಗೆ ಬಂದಾಗ ಒಂದೂವರೆ. ಚಿದಾನಂದಪ್ಪ ಎದ್ದು ಅಂಗಿ ಎಳೆದುಕೊಂಡ.

"ಮುಗೀತೇನಲೇ?"

"ಇದಕ್ಕ ಸಹಿ ಬೇಕ್ರಿ, ತೊಗೊಂಡದ್ದಕ್ಕ."

"ಚಸ್ಮಾ ಕಾರಿನ್ಯಾಗ ಐತಿ. ನೀನ ಓದಿ ಹೇಳಲೇ." ಅವನು ಸಾವಂತ್ರಮ್ಮನ ಕಡೆ ನೋಡಿ ನಕ್ಕ. "ಅಕ್ಕಾ, ಈ ಹುಡುಗ ಥೇಟ್ ನನ್ನಂಗ ಮಾತಾಡ್ತಾನ ನೋಡು. ಓದಲೇ ದುರ್ಗ್ಯಾ, ನನ್ನ ದನ್ಯಾಗ ಓದು. ಅಕ್ಕನೂ ನಗ್ಲಿ."

ದುರ್ಗೇಶ್ ಗಂಟಲು ಸರಿಮಾಡಿಕೊಂಡ. ಯಾವ ದನಿ ಬರುತ್ತದೋ ಎಂಬ ಅಂಜಿಕೆ ಅವನಿಗೇ ಇತ್ತು. ಬಂದದ್ದು ತೆಳ್ಳಗಿತ್ತು, ಮೊದಲ ಸಾಲಿನಲ್ಲಿ ನಡುಗಿತು. ಸಿರುಗುಪ್ಪಕ್ಕೆ ಹೋಗಬಾರದೆಂಬುದನ್ನು ಓದಿದ. ಯಾಕೆ ಎಂಬ ಸಾಲನ್ನೂ ಓದಿದ. ಲಾರಿ ಪ್ಲೇಟಿನ ಮೇಲಿದ್ದಾಗ, ಅವಳು ಏಳಲಾಗದ ಹೊತ್ತು ನೋಡಿ, ಹಿಂದಿನಿಂದ ಬಂದು, ಹಿಡಿದರು ಎಂಬಲ್ಲಿ ನಡುಕ ನಿಂತಿತ್ತು.

ಬೆರಳಲ್ಲಿ ಕೀಲಿ ತಿರುಗುವುದು ನಿಂತಿತು. "ಲೇ, ಏನಲೇ ಇದು..."

ಬಾಗಿಲಲ್ಲಿ ಕಾವೇರಿ ನಿಂತಿದ್ದಳು. ಸಾವಂತ್ರಮ್ಮ ಮಗಳನ್ನು ನೋಡಿದಳು, ಕಾಗದವನ್ನು ನೋಡಿದಳು, ತನ್ನ ಪಕ್ಕದ ಬಿಳಿ ಅಂಗಿಯನ್ನು ನೋಡಿದಳು. ಕೈಯಲ್ಲಿ ಅರ್ಧ ಉಳಿದಿದ್ದ ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟು, ಒಂದು ಬೆರಳಿನಿಂದ ಅವನ ಕಡೆಗೆ ಸರಿಸಿದಳು.

"ನಡಿಯವ್ವಾ," ಎಂದಳು. "ಬಸ್ಸು ಐತಿ."